ಮನೆ ಲ್ಯಾಪ್‌ಟಾಪಿಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಬೇಕಾ?

ಟ್ಯೂಷನ್ ಮೇಷ್ಟ್ರು:
ಹೋದ ವರ್ಷ ವಿಂಡೋಸ್ 11 ಲ್ಯಾಪ್‌ಟಾಪ್ ತಗೊಂಡೆ. ಜೊತೆಗೆ ಬಂದ ಆಂಟಿವೈರಸ್ ಒಂದು ವರ್ಷ ಫ್ರೀ ಇತ್ತು, ಈಗ ಮುಗಿದಿದೆ. ದಿನಕ್ಕೆ ನಾಲ್ಕು ಸಲ ಮೂಲೆಯಲ್ಲಿ ಕೆಂಪು ಡಬ್ಬಿ ಎದ್ದು 'ರಕ್ಷಣೆ ಇಲ್ಲ' ಅಂತ ಹೆದರಿಸುತ್ತದೆ. ಅಂಗಡಿಯವರನ್ನು ಕೇಳಿದರೆ 'ಹಾಕಿಸ್ಕೊಳ್ಳಿ ಸಾರ್' ಅನ್ನುತ್ತಾರೆ. ಮಾರೋರು ಅವರೇ ಅಲ್ವಾ!

ನನ್ನ ಕೆಲಸ ಇಷ್ಟೇ: ಕರೆಂಟ್ ಬಿಲ್ ಕಟ್ಟೋದು, ನುಡಿ ಸಾಫ್ಟ್‌ವೇರಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ಯೋದು. ಭಯ ಇರೋದು ಅಲ್ಲೇ. ಹಳೇ ಕಂಪ್ಯೂಟರ್ ಇದ್ದಾಗ ಒಮ್ಮೆ ಅಂಗಡಿಯಿಂದ ಬಂದು ಪೆನ್‌ಡ್ರೈವ್ ಚುಚ್ಚಿದೆ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಏಳನೇ ಕ್ಲಾಸಿನ ವಿಜ್ಞಾನ ಪತ್ರಿಕೆಯನ್ನು ರಾತ್ರಿ ಹನ್ನೆರಡರವರೆಗೆ ಕೂತು ಮತ್ತೆ ಟೈಪ್ ಮಾಡಿದೆ.

ಹಳೇ ಕೀಬೋರ್ಡ್:
ಅಯ್ಯೋ ಮೇಷ್ಟ್ರೇ, ಸುಮ್ನೆ ನಿದ್ದೆ ಕೆಟ್ಟಿರಿ. ಆ ವೈರಸ್ ಸಾಮಾನ್ಯವಾಗಿ ಫೈಲು ಅಳಿಸುವುದಿಲ್ಲ. ಅಸಲಿ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಡುತ್ತದೆ. ಅಟ್ರಿಬ್ ಅನ್ನೋ ಕಮಾಂಡ್ ಕೊಟ್ಟರೆ ಕಾಣಿಸಿಕೊಳ್ಳುತ್ತವೆ.

ನಿಮ್ಮ ಕೆಲಸಕ್ಕೆ ಬೇರೆ ಆಂಟಿವೈರಸ್ ಬೇಡ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಅನ್ನೋ ಅದರದೇ ಆಂಟಿವೈರಸ್ ಒಳಗೇ ಬರುತ್ತದೆ. ಬೇರೆಯದು ಬಂದು ಕೂತರೆ ಇದು ತೆಪ್ಪಗಾಗುತ್ತದೆ. ಮುಗಿದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಟಿಕ್ ಬಂತಾ ನೋಡಿ. ಅಂಗಡಿಯಿಂದ ಬಂದ ಪೆನ್‌ಡ್ರೈವನ್ನು ತೆರೆಯೋ ಮುಂಚೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡಿ.

ಕಾಫಿ ಕುಡುಕಿ:
ನಾನಂತೂ ದುಡ್ಡು ಕೊಟ್ಟೇ ಹಾಕಿಸಿದ್ದೇನೆ. ನಮ್ಮಪ್ಪ ಕಂಡ ಲಿಂಕೆಲ್ಲ ಒತ್ತುತ್ತಾರೆ! ಆದರೆ ಆ ಕೆಂಪು ಡಬ್ಬಿಯ ಅಂಚಿನಲ್ಲಿ ಕ್ರೋಮ್ ಅಂತ ಇದೆಯಾ ನೋಡಿ. ನಮ್ಮತ್ತೆ ಯಾವುದೋ ಅಡುಗೆ ಸೈಟು ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದಾಗ 'ಅಲೋ' ಒತ್ತಿ, ಅಲ್ಲಿಂದ ದಿನಾ ಸುಳ್ಳು ವೈರಸ್ ನೋಟಿಫಿಕೇಶನ್ ಬರುತ್ತಿತ್ತು.

ಹಳೇ ಕೀಬೋರ್ಡ್:
ಹೌದು, ಅದನ್ನೂ ನೋಡಿ. ಹಳೇ ಕಂಪ್ಯೂಟರಲ್ಲಿ ವಿಂಡೋಸ್ 10 ಇದ್ದರೆ, ಅದರ ಮಾಮೂಲಿ ಸಪೋರ್ಟ್, ಅಂದರೆ ಸುರಕ್ಷತೆಯ ಅಪ್‌ಡೇಟ್ ಕೊಡೋದು, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲಿ ಬ್ಯಾಂಕ್ ಕೆಲಸ ಬೇಡ.

ಟ್ಯೂಷನ್ ಮೇಷ್ಟ್ರು:
ಡಬ್ಬಿ ಆಂಟಿವೈರಸ್‌ದೇ, ಕ್ರೋಮಿನದಲ್ಲ. ತೆಗೆದುಹಾಕಿದೆ, ಹಸಿರು ಟಿಕ್ ಬಂತು. ಹಳೇ ಪೆನ್‌ಡ್ರೈವ್ ಡ್ರಾಯರಿನಲ್ಲೇ ಇತ್ತು. ಸ್ಕ್ಯಾನ್ ಮಾಡಿದರೆ ಎರಡು ವೈರಸ್ ಸಿಕ್ಕವು. ಆಮೇಲೆ ಮಗಳ ಕೈಲಿ ಆ ಅಟ್ರಿಬ್ ಹೊಡೆಸಿದೆ. ಏಳನೇ ಕ್ಲಾಸಿನ ವಿಜ್ಞಾನ ಪತ್ರಿಕೆ ಅಲ್ಲೇ ಕೂತಿದೆ ಮಾರಾಯ್ರೇ!