ಗಿಡುಗ ಬಂದಾಗಿನ ‘ಸೀ’ ಕೂಗು ರೆಕಾರ್ಡ್ ಆಗ್ತಿಲ್ಲ, ಮೈಕ್ ಸಮಸ್ಯೆಯಾ?

ಮುಂಜಾವಿನ ಕಿವಿ:
ನಮಸ್ಕಾರ. ಫೋನಿನಲ್ಲೇ ಹಕ್ಕಿಗಳ ಕೂಗು ರೆಕಾರ್ಡ್ ಮಾಡುತ್ತೇನೆ. ಕೂತ ಗೂಬೆ ಕಣ್ಣಿಗೆ ಬಿದ್ದಾಗ ಚೇಕಡಿ ಹಕ್ಕಿಗಳು ಎಬ್ಬಿಸುವ ಗಲಾಟೆ ಚೆನ್ನಾಗಿಯೇ ಬರುತ್ತದೆ. ಆದರೆ ಮೇಲೆ ಗಿಡುಗ ಹಾದುಹೋದರೆ ಸಣ್ಣಗೆ ‘ಸೀ’ ಅಂತ ಕೇಳಿಸುತ್ತದೆ, ಆಮೇಲೆ ಎಲ್ಲ ಗಪ್‌ಚುಪ್. ಫೈಲಿನಲ್ಲಿ ಏನೂ ಇರುವುದಿಲ್ಲ. ಕೂಗು ಯಾವ ಕಡೆಯಿಂದ ಬಂತು ಅಂತಲೂ ತಿಳಿಯಲ್ಲ, ಮೈಕ್ ಎತ್ತ ತಿರುಗಿಸಲಿ? ಹೊಸದು ಕೊಳ್ಳಬೇಕಾ?

ದನಿಗೆರೆ:
ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ. ದಿಕ್ಕು ಸಿಗದಿರುವುದು ನಿಮ್ಮ ಕಿವಿಯ ದೋಷವಲ್ಲ, ಆ ಕೂಗು ಇರುವುದೇ ಹಾಗೆ. ಸುಮಾರು 7–8 ಕಿಲೋಹರ್ಟ್ಜ್‌ನಲ್ಲಿ (ಅಂದರೆ ಸೆಕೆಂಡಿಗೆ ಏಳೆಂಟು ಸಾವಿರ ಕಂಪನ) ಒಂದೇ ತೆಳು ಎಳೆ. ಮೆಲ್ಲಗೆ ಶುರುವಾಗಿ ಮೆಲ್ಲಗೆ ಕರಗುತ್ತದೆ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅನ್ನುವುದೇ ಹಿಡಿತಕ್ಕೆ ಸಿಗದಿದ್ದರೆ ದಿಕ್ಕು ಹೇಗೆ ಗೊತ್ತಾಗಬೇಕು? ಹಕ್ಕಿಗಳ ಕೂಗಿನ ಬಗ್ಗೆ ಸಂಶೋಧನೆ ಮಾಡಿದ ಪೀಟರ್ ಮಾರ್ಲರ್ 1955ರಲ್ಲೇ ಇದನ್ನು ವಿವರಿಸಿದ್ದರು. ಅಷ್ಟು ಎತ್ತರದ ಶ್ರುತಿಯ ದನಿ ಗಿಡುಗಕ್ಕೆ ಸಣ್ಣ ಹಕ್ಕಿಗಳಷ್ಟು ಚೆನ್ನಾಗಿ ಕೇಳಿಸುವುದೂ ಇಲ್ಲ. ಗೂಬೆಯ ಮುಂದಿನ ಗಲಾಟೆ ಇದಕ್ಕೆ ತದ್ವಿರುದ್ಧ: ಒರಟು ದನಿ, ಮತ್ತೆ ಮತ್ತೆ ಅದೇ. ‘ಇಲ್ಲಿದೆ, ಎಲ್ಲರೂ ಬನ್ನಿ, ಓಡಿಸೋಣ’ ಅನ್ನುವಂಥದ್ದು. ದಿಕ್ಕು ತಿಳಿಯಲೇಬೇಕು ಅಲ್ವಾ?

ಈಗ ಫೋನಿನ ವಿಷಯ. ಸ್ಯಾಂಪಲ್ ರೇಟ್, ಅಂದರೆ ಫೋನ್ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಅನ್ನುವುದು, ಎಷ್ಟಿದೆ ನೋಡಿ. ಅದರ ಅರ್ಧಕ್ಕಿಂತ ಮೇಲಿನ ದನಿ ಫೈಲಿಗೆ ಬರುವುದೇ ಇಲ್ಲ. ಮಾತು ರೆಕಾರ್ಡ್ ಮಾಡುವ ಆ್ಯಪ್‌ಗಳಲ್ಲಿ 8 ಅಥವಾ 16 ಕಿಲೋಹರ್ಟ್ಜ್ ಇರುವುದುಂಟು. 8 ಇದ್ದರೆ 4ಕ್ಕೇ ಕತ್ತರಿ. 44.1 ಅಥವಾ 48 ಇಡಿ, ಎಂಪಿ3 ಬದಲು ವೇವ್ ಫೈಲ್. ಗದ್ದಲ ತಗ್ಗಿಸುವ ಸೌಲಭ್ಯ ಆಫ್ ಮಾಡಿ. ಒಂದೇ ಸಮನೆ ಎಳೆಯುವ ತೆಳು ದನಿಯನ್ನು ಅದು ಗದ್ದಲ ಅಂತಲೇ ಅಳಿಸಬಹುದು.

ಮುಂಜಾವಿನ ಕಿವಿ:
ನೋಡಿದೆ, 8ರಲ್ಲೇ ಇತ್ತು! 48 ಮಾಡಿ, ಗದ್ದಲದ್ದನ್ನೂ ಆಫ್ ಮಾಡಿದೆ. ಇವತ್ತಿನ ಫೈಲಿನ ಸ್ಪೆಕ್ಟ್ರೋಗ್ರಾಂನಲ್ಲಿ (ದನಿಯ ಏರಿಳಿತ ತೋರಿಸುವ ಚಿತ್ರ) 7ರ ಮೇಲೆ ಕೂದಲೆಳೆಯಂಥ ಗೆರೆ ಕಾಣುತ್ತಿದೆ. ಸ್ಪೀಕರ್‌ನಲ್ಲಿ ಮಾತ್ರ ಕಷ್ಟಪಟ್ಟು ಕೇಳಬೇಕು.

ದನಿಗೆರೆ:
ಅದೇ ನಿಮ್ಮ ಕೂಗು. ವಯಸ್ಸಾದಂತೆ ನಮ್ಮ ಕಿವಿಗೂ ಎತ್ತರದ ಶ್ರುತಿಯ ದನಿ ಮೊದಲು ಕೈಕೊಡುತ್ತದೆ, ಹಾಗಾಗಿ ಗೆರೆಯನ್ನೇ ನಂಬಿ. ಕೂಗಿದ ಹಕ್ಕಿಯನ್ನು ಹುಡುಕುವುದು ಬಿಡಿ. ಪಕ್ಕದ ಹಕ್ಕಿಗಳನ್ನು ನೋಡಿ: ರೆಂಬೆಗೆ ಅಂಟಿಕೊಂಡು, ತಲೆ ವಾಲಿಸಿ, ಒಂದು ಕಣ್ಣು ಆಕಾಶಕ್ಕೆ.

ಗರಿಗೆದರು:
ನಡುವೆ ಬಾಯಿ ಹಾಕುತ್ತಿದ್ದೇನೆ. ಗೂಬೆಯ ಗಲಾಟೆಯ ಫೈಲ್‌ಗಳನ್ನೂ ಸುಮ್ನೆ ಬಿಡಬೇಡಿ. ಉತ್ತರ ಅಮೆರಿಕದ ಕರಿನೆತ್ತಿಯ ಚಿಕಡೀ ಹಕ್ಕಿ ಕೂಗಿನ ಕೊನೆಗೆ ‘ಡೀ’ ‘ಡೀ’ ಸೇರಿಸುತ್ತದೆ. ಪುಟ್ಟ ಗೂಬೆ ಕಂಡರೆ ‘ಡೀ’ ಜಾಸ್ತಿ, ದೊಡ್ಡ ಕೊಂಬಿನ ಗೂಬೆಗೆ ಕಡಿಮೆ ಅಂತ 2005ರ ಅಧ್ಯಯನವೊಂದು ತೋರಿಸಿತು. ಪುಟ್ಟದು ಚುರುಕು, ಚಿಕಡೀಯನ್ನು ಹಿಡಿದೇ ಬಿಡುತ್ತದೆ. ದೊಡ್ಡದಕ್ಕೆ ಅದು ಸುಲಭವಲ್ಲ. ನಿಮ್ಮ ಹಕ್ಕಿಗಳ ಕೂಗೂ ಬದಲಾಗುತ್ತದಾ ನೋಡಿ, ಎದುರಿಗೆ ಯಾವ ಬೇಟೆಗಾರ ಇತ್ತು ಅಂತ ಪ್ರತಿ ಫೈಲಿಗೂ ಬರೆದಿಡಿ.

ಮುಂಜಾವಿನ ಕಿವಿ:
ಕೆಲವು ಸಲ ಕೂಗು ಇರುತ್ತದೆ, ಗಿಡುಗವೇ ಇರುವುದಿಲ್ಲ. ಅದನ್ನೇನಂತ ಬರೆಯಲಿ?

ಗರಿಗೆದರು:
‘ಕಾಣಲಿಲ್ಲ’ ಅಂತ. ನಿಮಗೆ ಕಾಣದ್ದು ಹಕ್ಕಿಗೆ ಕಂಡಿರಬಹುದು. ಬೇಕಂತಲೇ ಸುಳ್ಳು ಹೇಳುವವೂ ಇವೆ. ಆಫ್ರಿಕಾದ ಕಲಹರಿ ಮರುಭೂಮಿಯ ಕವಲುಬಾಲದ ಕಾಜಾಣ ಹುಸಿ ಎಚ್ಚರಿಕೆ ಕೊಟ್ಟು, ಮೀರ್‌ಕ್ಯಾಟ್‌ಗಳು (ಮುಂಗುಸಿ ಜಾತಿಯ ಪುಟ್ಟ ಪ್ರಾಣಿಗಳು) ಬಿಲಕ್ಕೆ ಓಡಿದಾಗ ಅವು ಬಿಟ್ಟುಹೋದ ತಿಂಡಿ ಎಗರಿಸುತ್ತದೆ, ಕಳ್ಳ! ಮತ್ತೆ, ರೆಕಾರ್ಡ್ ಮಾಡಿದ ‘ಸೀ’ಯನ್ನು ಗೂಡಿನ ಹತ್ತಿರ ಹಾಕಿ ಪರೀಕ್ಷಿಸಬೇಡಿ. ಕೂಗು ನಿಲ್ಲುವವರೆಗೆ ಮರಿಗಳಿಗೆ ಗುಟುಕು ಕೊಡುವುದೂ ನಿಂತುಬಿಡಬಹುದು.