ಸದಾ ತಲೆಯೊಳಗೇ ಇರುವ ಅಂತರ್ಮುಖಿಗಳನ್ನು ಎದುರಿಗಿರುವ ಕ್ಷಣಕ್ಕೆ ತರುವುದು ಹೇಗೆ? ಉಸಿರಿನ ಧ್ಯಾನ ಹಿಡಿಸುತ್ತಿಲ್ಲ

ಸರಸ್ವತಿಪುರಂ_ಸಂಜೆ (ಪ್ರಶ್ನೆ)

ಮೈಸೂರಿನಲ್ಲಿ ಭಾನುವಾರದ ಒಂದು ಸಣ್ಣ ಗುಂಪಿಗೆ ಗಮನದ ಅಭ್ಯಾಸ ಹೇಳಿಕೊಡುತ್ತಿದ್ದೇನೆ. ಬರುವವರಲ್ಲಿ ಅರ್ಧದಷ್ಟು ಜನ ವ್ಯಕ್ತಿತ್ವದ ಪರೀಕ್ಷೆ ಬರೆದು ಐಎನ್‌ಎಫ್‌ಜೆ ಅಥವಾ ಐಎನ್‌ಟಿಜೆ ಅಂತ ಬಂದವರು, ಅಂದರೆ ಆ ಪರೀಕ್ಷೆಯ ಹದಿನಾರು ಬಗೆಗಳಲ್ಲಿ ಅಂತರ್ಮುಖಿಯಾಗಿ, ಅಂತಃಪ್ರಜ್ಞೆ (ಒಳಗಿನಿಂದ ತಟ್ಟನೆ ಹೊಳೆಯುವ ಅರಿವು) ಪ್ರಬಲವಾಗಿರುವ ಎರಡು ಬಗೆ. ಬುದ್ಧಿ ಚುರುಕು, ಮುಂದಾಗುವುದನ್ನು ಮೊದಲೇ ಹೇಳಬಲ್ಲರು. ಆದರೆ ಒಲೆ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗುವುದಿಲ್ಲ, ಗಾಡಿ ಕೀ ಎಲ್ಲಿಟ್ಟೆ ಅಂತ ದಿನಾ ಹುಡುಕಾಟ, ಊಟ ಮುಗಿಸಿ ಎದ್ದವರನ್ನು ಪಲ್ಯ ಯಾವುದಿತ್ತು ಅಂತ ಕೇಳಿದರೆ ತಡವರಿಸುತ್ತಾರೆ.

ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಉಸಿರು ಗಮನಿಸಿ ಅಂದರೆ ಚೆನ್ನಾಗಿಯೇ ಕೂರುತ್ತಾರೆ, ಅಲುಗಾಡುವುದೂ ಇಲ್ಲ. ಆಮೇಲೆ ವಿಚಾರಿಸಿದರೆ ಅಷ್ಟೂ ಹೊತ್ತು ಯಾವುದೋ ಯೋಜನೆಯೋ ಹಳೆಯ ಮಾತುಕತೆಯ ಒಳಾರ್ಥವೋ ತಲೆಯಲ್ಲಿ ಓಡಿರುತ್ತದೆ. ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು ಅಂತ ಎಣಿಸುವ ಅಭ್ಯಾಸವನ್ನೂ ಕೊಟ್ಟಾಯಿತು. ಮಗ್ಗಿ ಒಪ್ಪಿಸಿದ ಹಾಗೆ ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಹೀಗೇಕೆ ಆಗುತ್ತೆ, ಇವರಿಗೆ ಬೇರೆ ಏನು ಕೊಡಬೇಕು? ದಯವಿಟ್ಟು ಮಾಡಿಸಬಹುದಾದ್ದನ್ನೇ ಹೇಳಿ, ಸಿದ್ಧಾಂತ ಎಷ್ಟು ಬೇಕೋ ಅಷ್ಟೇ ಸಾಕು.

ಹಿಟ್ಟಿನಕೋಲು_ಮಂಡ್ಯ

ಕಣ್ಣು ಮುಚ್ಚಿಸುತ್ತಿರುವುದೇ ತೊಂದರೆ. ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ವ್ಯಕ್ತಿತ್ವದ ಬಗೆಗಳನ್ನು ವಿವರಿಸಿದಾಗಲೇ ಒಂದು ಮಾತು ಸ್ಪಷ್ಟ ಮಾಡಿದ್ದರು: ಅಂತಃಪ್ರಜ್ಞೆ ಒಳಮುಖವಾಗಿ ಪ್ರಬಲವಾಗಿರುವವರಲ್ಲಿ ಅದುಮಿಹೋಗುವುದು ಹೊರಗಿನ ವಸ್ತುವಿನ ನೇರ ಇಂದ್ರಿಯಾನುಭವ. ಕಣ್ಣು ಮುಚ್ಚಿ ಸುಮ್ಮನೆ ಕೂರಿಸಿದರೆ ಅವರ ಬಲವಾದ ಕಡೆಗೇ ಇನ್ನಷ್ಟು ಜಾಗ ಕೊಟ್ಟಂತಾಯಿತು. ಉಸಿರು ತುಂಬಾ ಸೂಕ್ಷ್ಮ, ಬಿಟ್ಟುಹೋದರೂ ಅದು ತಕರಾರು ಮಾಡುವುದಿಲ್ಲ. ಗಮನ ಜಾರಿದ ಕೂಡಲೇ ಜಾರಿತು ಅಂತ ತೋರಿಸಿಕೊಡುವ ಕೆಲಸ ಇವರಿಗೆ ಬೇಕು. ಅದೂ ಕೆಲವೇ ಸೆಕೆಂಡಿನೊಳಗೆ.

ನಮ್ಮ ಕಡೆ ಇದಕ್ಕೆ ಮುದ್ದೆಗಿಂತ ಒಳ್ಳೆಯ ಪಾಠ ಇಲ್ಲ. ಒಬ್ಬರಿಗೆ ಒಂದು ಲೋಟ ರಾಗಿ ಹಿಟ್ಟು, ಸುಮಾರು ಎರಡು ಲೋಟ ನೀರು. ಹಿಟ್ಟು ಹಳೆಯದಾದರೆ, ಬೀಸಿದ್ದು ಬೇರೆಯಾದರೆ ನೀರು ಸ್ವಲ್ಪ ಹೆಚ್ಚು ಕುಡಿಯುತ್ತೆ, ಹಾಗಾಗಿ ಕಾಲು ಲೋಟ ಬಿಸಿನೀರು ಪಕ್ಕದಲ್ಲಿರಲಿ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಬಿಟ್ಟು, ಉಪ್ಪು ಹಾಕಿ, ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿಯಬೇಕು. ಆಗ ತಿರುವಬಾರದು. ಉರಿ ಸಣ್ಣ ಮಾಡಿ ನಾಲ್ಕೈದು ನಿಮಿಷ ಬೇಯಲು ಬಿಡಬೇಕು. ಈ ನಾಲ್ಕೈದು ನಿಮಿಷವೇ ಇವರು ಕಳೆದುಹೋಗುವ ಜಾಗ. ಅದಕ್ಕೇ ಒಂದು ಕೆಲಸ ಕೊಡಿ: ಹಿಟ್ಟಿನ ಗುಡ್ಡೆ ಸುತ್ತ ಗುಳ್ಳೆ ಎಲ್ಲೆಲ್ಲಿ ಏಳುತ್ತೆ, ಸದ್ದು ಯಾವಾಗ ದಪ್ಪಗಾಗುತ್ತೆ, ಹಸಿ ವಾಸನೆ ಯಾವಾಗ ಹೋಗುತ್ತೆ, ಈ ಮೂರನ್ನೂ ಆಗಾಗಲೇ ಬಾಯಿಬಿಟ್ಟು ಹೇಳುತ್ತಿರಲಿ. ಆಮೇಲೆ ಕೋಲು ಹಿಡಿದು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಬೇಕು. ಮನಸ್ಸು ಎಲ್ಲೋ ಹೋದರೆ ಗಂಟು ಉಳಿಯುತ್ತೆ, ತಳ ಹಿಡಿಯುತ್ತೆ, ಎರಡೂ ಕೈಗೇ ಗೊತ್ತಾಗುತ್ತೆ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟದಿದ್ದರೆ ಬೆಂದಿದೆ. ಒದ್ದೆ ಕೈಯಲ್ಲಿ, ಬಿಸಿಯಲ್ಲೇ ಕಟ್ಟಬೇಕು, ತಣ್ಣಗಾದರೆ ಬಿರುಕು ಬಿಡುತ್ತೆ. ಅರ್ಧ ಗಂಟೆಯಲ್ಲಿ ಕಣ್ಣು, ಕಿವಿ, ಮೂಗು, ಅಂಗೈ ನಾಲ್ಕಕ್ಕೂ ಕೆಲಸ.

ಗುಂಪಿಗಾದರೆ ಕೋಲಾಟ. ಅಂತರ್ಮುಖಿಗಳಿಗೆ ಇದರಲ್ಲಿ ಒಂದು ನೆಮ್ಮದಿ ಇದೆ, ಮಾತಾಡಬೇಕಿಲ್ಲ, ಆದರೂ ಇನ್ನೊಬ್ಬರ ಜೊತೆ ಇರಬಹುದು. ಎಲ್ಲರನ್ನೂ ವೃತ್ತಕ್ಕೆ ನಿಲ್ಲಿಸಬೇಡಿ, ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ. ತನ್ನ ಕೋಲು ಒಂದು ಸಲ, ಎದುರಿನವರ ಬಲಗೋಲು ಒಂದು ಸಲ, ಮತ್ತೆ ತನ್ನದು, ಎಡಗೋಲು. ನಿಧಾನದ ತಾಳದಲ್ಲಿ ಎರಡು ನಿಮಿಷ, ತಪ್ಪಿಲ್ಲದೆ ಬಂದರೆ ಮಾತ್ರ ವೇಗ. ಮನಸ್ಸು ಜಾರಿದವರ ಬೆರಳಿಗೆ ಎದುರಿನ ಕೋಲು ತಗಲುತ್ತೆ, ಹಾಗಾಗಿ ಹಗುರ ಕೋಲೇ ಇರಲಿ, ಹಿಡಿತ ತುದಿಯಲ್ಲಿರಲಿ.

ಒಂದು ಎಚ್ಚರಿಕೆ. ಯಾವುದೇ ಕೈಕೆಲಸ ರೂಢಿಯಾದ ಮೇಲೆ ಈ ಗುಣ ಕಳೆದುಕೊಳ್ಳುತ್ತೆ. ಹೂ ಕಟ್ಟುವವರನ್ನು ನೋಡಿ, ಮಲ್ಲಿಗೆ ಮೊಗ್ಗನ್ನು ಎರಡೆರಡಾಗಿ ಎದುರುಬದುರು ಇಟ್ಟು ಬಾಳೆನಾರು ಸುತ್ತುತ್ತಾ ಊರಿನ ಸುದ್ದಿಯೆಲ್ಲ ಮಾತಾಡುತ್ತಾರೆ. ಹೊಸಬರಿಗೆ ಮಾತ್ರ ನಾರು ಒಣಗಿದರೆ ತುಂಡಾಗುತ್ತೆ, ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತೆ, ಕಡಿಮೆಯಾದರೆ ಮೊಗ್ಗು ಜಾರುತ್ತೆ, ಅಷ್ಟಕ್ಕೂ ಗಮನ ಬೇಕು. ಆದ್ದರಿಂದ ಕೌಶಲಕ್ಕಿಂತ ಒಂದು ಮೆಟ್ಟಿಲು ಮೇಲೆ ಕೆಲಸ ಇಡುತ್ತಾ ಹೋಗಿ: ಎರಡರ ಬದಲು ನಾಲ್ಕು ಮೊಗ್ಗು, ನಡುವೆ ಒಂದು ಎಸಳು ಮರುಗ, ಇಲ್ಲವೇ ಎಡಗೈಯಲ್ಲಿ ಕಟ್ಟುವುದು.

ಹೆಜ್ಜಾರ್ಲೆ

ಮೇಲಿನ ಉತ್ತರಕ್ಕೆ ಸೇರಿಸುವುದು ಒಂದೇ, ನೋಡುವುದರ ಬಗ್ಗೆ.

ಇವರಿಗೆ ಬಹಳ ಜನ ಕೊಡುವ ಸಲಹೆ ‘ಕುಕ್ಕರಹಳ್ಳಿ ಕೆರೆ ಸುತ್ತ ಒಂದು ರೌಂಡ್ ಹೋಗಿ ಬನ್ನಿ’. ಈ ಸ್ವಭಾವದವರಿಗೆ ನಡಿಗೆ ಅಂದರೆ ಯೋಚಿಸಲು ಸಿಕ್ಕ ಅತ್ಯುತ್ತಮ ಸಮಯ. ಕಾಲು ತಾನೇ ನಡೆಯುತ್ತೆ, ತಲೆ ತನ್ನ ಪಾಡಿಗೆ ಹೋಗುತ್ತೆ. ಕೆರೆ ಸುತ್ತಿ ಬಂದವರಿಗೆ ನೀರು ಏರಿತ್ತೋ ಇಳಿದಿತ್ತೋ ಹೇಳಲಾಗುವುದಿಲ್ಲ. ಹಾಗಾಗಿ ನಡೆಸಬೇಡಿ, ನಿಲ್ಲಿಸಿ.

ಬೆಳಗ್ಗೆ ಏಳರೊಳಗೆ ಏರಿಯ ಮೇಲೆ ಒಂದು ಜಾಗ ಹಿಡಿದು, ಒಂದೇ ಹಕ್ಕಿಯನ್ನು ಐದು ನಿಮಿಷ ನೋಡಿಸಿ. ನೀರುಕಾಗೆ ಶುರುವಿಗೆ ಒಳ್ಳೆಯದು, ಮುಳುಗುತ್ತೆ, ಬೇರೆಲ್ಲೋ ಏಳುತ್ತೆ, ಆಮೇಲೆ ಕೊಂಬೆ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತೆ. ಮುಳುಗಿದ್ದು ಎಲ್ಲಿ ಏಳುತ್ತೆ ಅಂತ ಕಣ್ಣು ಕಾಯಲೇಬೇಕು. ಬೆಳ್ಳಕ್ಕಿ ಎರಡನೇ ಹಂತಕ್ಕೆ, ಏಕೆಂದರೆ ಅದು ಅಲುಗಾಡದೆ ನಿಲ್ಲುತ್ತೆ, ನೋಡುವವರು ಅಷ್ಟರಲ್ಲಿ ಎಲ್ಲಿಗೋ ಹೋಗಿರುತ್ತಾರೆ. ಹೆಜ್ಜಾರ್ಲೆಗಳ (ಪೆಲಿಕನ್) ಕಡೆಗೆ ಎಲ್ಲರ ಕಣ್ಣೂ ತಾನೇ ಹೋಗುತ್ತೆ, ಅದು ಅಭ್ಯಾಸವಲ್ಲ, ಹಬ್ಬ.

ಕೈಯಲ್ಲಿ ಪೆನ್ಸಿಲ್, ಚೀಟಿ. ಬರೆಯುವ ನಿಯಮ ಕಟ್ಟುನಿಟ್ಟಾಗಿರಲಿ. ಕಂಡದ್ದನ್ನು ಮಾತ್ರ ಬರೆಯಬೇಕು. ‘ಕುತ್ತಿಗೆ ಎಡಕ್ಕೆ ತಿರುಗಿಸಿತು’ ಆಗಬಹುದು. ‘ಹೆದರಿತು’ ಆಗುವುದಿಲ್ಲ, ಅದು ಊಹೆ. ‘ಸನ್ಯಾಸಿ ಹಾಗೆ ನಿಂತಿದೆ’ ಅಂತೂ ಬೇಡವೇ ಬೇಡ. ಉಪಮೆ, ಕಾರಣ, ಅರ್ಥ ಈ ಮೂರೂ ಇವರಿಗೆ ಸಲೀಸು, ಎದುರಿನ ವಸ್ತುವಿನಿಂದ ಹೊರಟುಹೋಗುವ ದಾರಿಗಳೂ ಅವೇ. ಮೊದಲ ದಿನ ಚೀಟಿಯಲ್ಲಿ ಅರ್ಧಕ್ಕರ್ಧ ಊಹೆಯೇ ಇರುತ್ತೆ, ಬೈಯಬೇಡಿ. ಊಹೆ ಬರೆದ ಸಾಲಿಗೆ ಅವರೇ ಅಡ್ಡಗೆರೆ ಎಳೆಯಲಿ. ಹೀಗೆ ಎಳೆದ ಗೆರೆಗಳು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿವೆಯೇ ಅನ್ನುವುದೇ ನಿಮ್ಮ ಅಳತೆಗೋಲು.

ಬೈನಾಕ್ಯುಲರ್ ಇದ್ದರೆ 8×42 ಸಾಕು, ಅಂದರೆ ಎಂಟು ಪಟ್ಟು ಹತ್ತಿರ, ಮುಂದಿನ ಗಾಜು 42 ಮಿಲಿಮೀಟರ್. ಹೆಚ್ಚು ಪಟ್ಟಿನದು ಕೈ ನಡುಗಿದರೆ ನಿಲ್ಲುವುದಿಲ್ಲ. ಹಕ್ಕಿಗಳ ಹೆಸರಿನ ಪಟ್ಟಿ ಮಾಡುವ ಆಟ ಶುರುವಾಗಲು ಬಿಡಬೇಡಿ. ಹೆಸರು ಸಿಕ್ಕ ಕೂಡಲೇ ನೋಡುವುದು ನಿಲ್ಲುತ್ತೆ. ರಂಗನತಿಟ್ಟಿಗೆ ಕರೆದುಕೊಂಡು ಹೋಗುವುದಾದರೆ ಈ ಮಾತು ಇನ್ನೂ ಮುಖ್ಯ, ಅಲ್ಲಿ ದೋಣಿ ಚಲಿಸುತ್ತಿರುತ್ತೆ, ಅಂಬಿಗರು ಹೆಸರು ಹೇಳುತ್ತಾ ಹೋಗುತ್ತಾರೆ, ಒಂದನ್ನೂ ಸರಿಯಾಗಿ ನೋಡದೆ ಇಪ್ಪತ್ತು ಹೆಸರಿನೊಂದಿಗೆ ದಡ ಸೇರಬಹುದು.

ಒಂಟಿಕೊಪ್ಪಲು_ಓದು

ಇಬ್ಬರ ಮಾತೂ ಒಪ್ಪುತ್ತೇನೆ, ಆದರೆ ನಾಲ್ಕು ಅಕ್ಷರದ ಚೀಟಿಯನ್ನು ಅಷ್ಟು ನಂಬಬೇಡಿ. ಹದಿನಾರು ಬಗೆಗಳು ಯೂಂಗ್ ಮಾಡಿದ್ದಲ್ಲ, ಅವರ ವಿಚಾರದ ಮೇಲೆ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಕಟ್ಟಿದ್ದು. ಅದೇ ವ್ಯಕ್ತಿ ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಒಂದು ಅಕ್ಷರ ಬದಲಾಗುವುದು ಸಾಮಾನ್ಯ. ಸಂಶೋಧಕರು ಹೆಚ್ಚಾಗಿ ಬಳಸುವುದು ಐದು ಗುಣಗಳ ಮಾದರಿಯನ್ನು. ಅದರಲ್ಲಿ ನೋಡಿದರೆ ಈ ಜನ ಬಹಿರ್ಮುಖತೆ ಕಡಿಮೆ, ಹೊಸ ವಿಚಾರಗಳಿಗೆ ತೆರೆದುಕೊಳ್ಳುವ ಗುಣ ಹೆಚ್ಚು ಇರುವವರು, ಅಷ್ಟೇ. ಇದು ಗಡಿರೇಖೆಯಲ್ಲ, ಹೆಚ್ಚು ಕಡಿಮೆಯ ಪ್ರಶ್ನೆ.

ಇನ್ನೊಂದು. ಮನಸ್ಸು ಅಲೆಯುವುದು ಇವರೊಬ್ಬರ ಸೊತ್ತಲ್ಲ. 2010ರ ಅಧ್ಯಯನದಲ್ಲಿ ಮನೋವಿಜ್ಞಾನಿಗಳಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಫೋನ್ ಮೂಲಕ 2,250 ಜನರನ್ನು ದಿನದ ನಡುನಡುವೆ ಕೇಳಿದಾಗ 46.9 ಶೇಕಡಾ ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ನಿಮ್ಮ ಗುಂಪಿಗೆ ಇದನ್ನು ಮೊದಲ ದಿನವೇ ಹೇಳಿ. ‘ನನ್ನ ಬಗೆಯೇ ಹೀಗೆ’ ಅನ್ನುವ ನೆಪವೂ ಹೋಗುತ್ತೆ, ನಾಚಿಕೆಯೂ ಹೋಗುತ್ತೆ.

ಕಳವಳದ ಸಂಗತಿ ಬೇರೆ ಇದೆ. ಒತ್ತಡ ಮಿತಿಮೀರಿದಾಗ ಈ ಜನ ಇಂದ್ರಿಯಗಳ ಕಡೆಗೆ ತಾವಾಗಿಯೇ ಧುಮುಕುವುದುಂಟು: ಒಂದೇ ಕೂತಲ್ಲಿ ದೊಡ್ಡ ಪೊಟ್ಟಣ ಚಿಪ್ಸ್, ರಾತ್ರಿ ಎರಡರವರೆಗೆ ಧಾರಾವಾಹಿ, ಬೇಡದ ಆನ್‌ಲೈನ್ ಖರೀದಿ. ಹೊರಗಿನಿಂದ ‘ಈಗಲಾದರೂ ತಲೆಯಿಂದ ಕೆಳಗಿಳಿದರು’ ಅನ್ನಿಸಬಹುದು. ಅದು ವರ್ತಮಾನದಲ್ಲಿ ಇರುವುದಲ್ಲ. ಪರೀಕ್ಷೆ ಸುಲಭ, ಮೂರನೇ ತುತ್ತಿನ ರುಚಿ ಹೇಗಿತ್ತು ಅಂತ ಕೇಳಿ. ಹೇಳಲಾಗದಿದ್ದರೆ ತಿಂದದ್ದು ಬಾಯಿ ಮಾತ್ರ. ಅಂಥ ವಾರದಲ್ಲಿ ಹೊಸ ಅಭ್ಯಾಸ ಹೇರಬೇಡಿ, ನಿದ್ದೆ ಮತ್ತು ಹೊತ್ತಿಗೆ ಊಟ ಸರಿಹೋಗಲಿ.

ದೇಹದ ಕಡೆ ಗಮನ ಕೊಟ್ಟ ಕೂಡಲೇ ಎದೆ ಬಡಿತ, ಉಸಿರು ಕಟ್ಟಿದಂತಾಗುವುದು ಯಾರಿಗಾದರೂ ಶುರುವಾದರೆ ಅಭ್ಯಾಸ ನಿಲ್ಲಿಸಿ, ಕಣ್ಣು ತೆರೆಸಿ, ಗಮನವನ್ನು ಹೊರಗಿನ ವಸ್ತುವಿಗೆ ತನ್ನಿ. ಸುತ್ತಲಿನದೆಲ್ಲ ನಿಜವಲ್ಲ ಅನ್ನುವ ಭಾವನೆ ದಿನಗಟ್ಟಲೆ ಬಿಡದಿದ್ದರೆ ಅದು ಸ್ವಭಾವದ ಮಾತಲ್ಲ, ಮನೋವೈದ್ಯರ ಬಳಿ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಅಗ್ರಹಾರ_ಆಸನ

ಚಿಕ್ಕ ಸೇರ್ಪಡೆ. ಮಾತು ಬೇಡದವರಿಗೆ ಯೋಗದ ‘ಮೈಸೂರು ಶೈಲಿ’ ಒಗ್ಗುತ್ತೆ, ಒಬ್ಬೊಬ್ಬರೂ ತಮ್ಮ ವೇಗದಲ್ಲಿ ಮಾಡುತ್ತಾರೆ, ಗುರುಗಳು ಬಳಿ ಬಂದು ತಿದ್ದುತ್ತಾರೆ. ಪ್ರತಿ ಆಸನಕ್ಕೂ ಕಣ್ಣಿಗೊಂದು ದೃಷ್ಟಿ (ನೋಟ ನೆಡುವ ಜಾಗ) ಇರುವುದು ಇವರಿಗೆ ದೊಡ್ಡ ಸಹಾಯ. ಆದರೆ ಕ್ರಮ ಬಾಯಿಪಾಠವಾದ ಮೇಲೆ ಸೂರ್ಯನಮಸ್ಕಾರದಲ್ಲೂ ತಲೆ ಅಲೆಯುತ್ತೆ. ಆಗ ಒಂಟಿಕಾಲಿನ ಆಸನ ಸೇರಿಸಿ, ಪ್ರತಿ ಕಾಲಿಗೆ ಇಪ್ಪತ್ತರಿಂದ ಮೂವತ್ತು ಸೆಕೆಂಡ್, ಗೋಡೆ ಕೈಗೆಟಕುವಷ್ಟು ದೂರ. ಯೋಚನೆ ಶುರುವಾದರೆ ಪಾದ ಅಲುಗುತ್ತೆ.

ಸರಸ್ವತಿಪುರಂ_ಸಂಜೆ

ಎಲ್ಲರಿಗೂ ತುಂಬಾ ಧನ್ಯವಾದ. ‘ನಡೆಸಬೇಡಿ, ನಿಲ್ಲಿಸಿ’ ಅನ್ನುವುದು ನನಗೆ ಹೊಳೆದಿರಲಿಲ್ಲ. ಎರಡು ಅನುಮಾನ ಉಳಿದಿವೆ. ಭಾನುವಾರ ಸಿಗುವುದು ತೊಂಬತ್ತು ನಿಮಿಷ, ಒಲೆ ಒಂದೇ, ಅದನ್ನು ಹೇಗೆ ಹಂಚುವುದು? ಉಳಿದ ಆರು ದಿನ ಮನೆಯಲ್ಲಿ ಅವರು ಏನು ಮಾಡಬೇಕು? ಈ ಜನಕ್ಕೆ ಯಾವ ಅಭ್ಯಾಸ ಕೊಟ್ಟರೂ ಅದರ ಬಗ್ಗೆ ಓದುತ್ತಾರೆ, ಟಿಪ್ಪಣಿ ಮಾಡುತ್ತಾರೆ, ಮಾಡುವುದಿಲ್ಲ.

ಹಿಟ್ಟಿನಕೋಲು_ಮಂಡ್ಯ

ಓದಿಗೆ ಅವಕಾಶ ಕೊಡಬೇಡಿ, ಮೊದಲು ಮಾಡಿಸಿ ಆಮೇಲೆ ಕಾರಣ ಹೇಳಿ.

ಮನೆಯ ದಿನಗಳಿಗೆ ‘ದಿನಾ ಹತ್ತು ನಿಮಿಷ’ ಅಂತ ಹೇಳಿದರೆ ಎರಡನೇ ವಾರಕ್ಕೆ ಬಿದ್ದುಹೋಗುತ್ತೆ, ಏಕೆಂದರೆ ಆ ಹತ್ತು ನಿಮಿಷಕ್ಕೆ ಮನೆಯಲ್ಲಿ ಜಾಗ ಇಲ್ಲ. ಹೇಗಿದ್ದರೂ ಆಗುವ ಒಂದು ಘಟನೆಗೆ ಕಟ್ಟಿ: ‘ಇದಾದಾಗ ಅದು ಮಾಡುತ್ತೇನೆ’. ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಸರ್ ಬಹಳ ವರ್ಷ ಅಧ್ಯಯನ ಮಾಡಿದ ವಿಧಾನ ಇದು, ಮುಂದಿನದನ್ನು ಕಲ್ಪಿಸಿಕೊಳ್ಳುವ ಇವರ ಅಭ್ಯಾಸವೇ ಇಲ್ಲಿ ನೆರವಿಗೆ ಬರುತ್ತೆ. ಗಾಡಿ ಕೀ ತೆಗೆದಾಗ ಅದರ ತಣ್ಣನೆಯನ್ನು ಬೆರಳಲ್ಲಿ ಗಮನಿಸಿ, ಇಡುವ ಜಾಗವನ್ನು ಜೋರಾಗಿ ಹೇಳುವುದು. ಹಾಲು ಒಲೆ ಮೇಲಿಟ್ಟಾಗ ಕೆನೆ ಕಟ್ಟಿ ಅಂಚು ಏಳುವವರೆಗೂ ಅಲ್ಲೇ ನಿಲ್ಲುವುದು. ಊಟಕ್ಕೆ ಕೂತಾಗ ಮೊದಲ ಮೂರು ತುತ್ತು ಮಾತಿಲ್ಲದೆ, ಫೋನಿಲ್ಲದೆ, ಉಪ್ಪು ಹುಳಿ ಖಾರದಲ್ಲಿ ಯಾವುದು ಮೊದಲು ನಾಲಿಗೆಗೆ ಬಂತು ಅಂತ ನೋಡುವುದು. ಮೂರರಲ್ಲಿ ಒಂದನ್ನು ಮಾತ್ರ ಕೊಡಿ, ಯಾವುದು ಅಂತ ಅವರೇ ಆರಿಸಲಿ. ಒಂದು ನೆಲೆನಿಂತ ಮೇಲೆ ಇನ್ನೊಂದು.

ತೊಂಬತ್ತು ನಿಮಿಷವನ್ನು ಹೀಗೆ ಇಟ್ಟುಕೊಳ್ಳಬಹುದು. ಮೊದಲ ಹತ್ತು ನಿಮಿಷ ಸುಮ್ಮನೆ ಬಿಡಿ, ಬಂದವರೇ ಸ್ವಲ್ಪ ಹೊತ್ತು ತಮ್ಮೊಳಗೇ ಇರಲಿ, ಅದು ಅವರಿಗೆ ವಿಶ್ರಾಂತಿ. ಆಮೇಲೆ ಕೋಲಾಟ ಹದಿನೈದು. ನಂತರ ಅರ್ಧ ಗಂಟೆ ಎರಡು ತಂಡ, ಒಂದು ತಂಡ ಒಲೆ ಬಳಿ, ಇನ್ನೊಂದು ಹೂ ಕಟ್ಟಲಿಕ್ಕೆ, ಮುಂದಿನ ವಾರ ಅದಲುಬದಲು. ಒಲೆ ಬಳಿ ಮೂರು ಜನಕ್ಕಿಂತ ಹೆಚ್ಚು ಬೇಡ, ನಾಲ್ಕನೆಯವರು ನೋಡುತ್ತಾ ನಿಂತು ಯೋಚನೆಗೆ ಹೋಗುತ್ತಾರೆ. ಮಾಡಿದ ಮುದ್ದೆಯನ್ನು ಸೊಪ್ಪಿನ ಸಾರಿನ ಜೊತೆ ಅಲ್ಲೇ ತಿನ್ನಲು ಇಪ್ಪತ್ತು ನಿಮಿಷ. ಕೊನೆಗೆ ಉಳಿದದ್ದರಲ್ಲಿ ಒಬ್ಬೊಬ್ಬರೂ ಕಂಡ, ಕೇಳಿದ, ಮುಟ್ಟಿದ ಒಂದು ಸಂಗತಿ ಮಾತ್ರ ಹೇಳಲಿ. ‘ನನಗೆ ಏನನ್ನಿಸಿತು ಅಂದರೆ’ ಅಂತ ಯಾರಾದರೂ ಶುರು ಮಾಡಿದರೆ ಅಲ್ಲೇ ಮೆಲ್ಲಗೆ ತಡೆದು, ಏನು ಕಂಡಿರಿ ಅಂತ ಕೇಳಿ.

ಆರು ವಾರದ ಮೊದಲು ಫಲ ಹುಡುಕಬೇಡಿ. ಕೆರೆಗೆ ಹೋಗುವುದನ್ನು ಮೂರನೇ ವಾರದ ಮೇಲಿಡಿ, ಕೈಗೆ ಸಿಗುವ ವಸ್ತುವಿನಲ್ಲಿ ನಿಲ್ಲದ ಗಮನ ದೂರದ ಹಕ್ಕಿಯಲ್ಲಿ ನಿಲ್ಲುವುದಿಲ್ಲ.