ನಮ್ಮವರು ಊರಿಗೆ ಮರಳಿದ ಮೇಲೆ ಸುಡಾನ್ ಯುದ್ಧ ಸುದ್ದಿಯಿಂದ ಮರೆಯಾದದ್ದು ಹೇಗೆ?

ಪ್ರಶ್ನೆ: ಸರ್ಕಾರಿ ಶಾಲಾ ಶಿಕ್ಷಕಿ, ಹುಣಸೂರು ತಾಲ್ಲೂಕು

ಪತ್ರಿಕೆಯಲ್ಲೋ ಟಿ.ವಿ.ಯಲ್ಲೋ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಉತ್ತರಿಸಿ. ಮಗುವೊಂದು ನನ್ನನ್ನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ನಮ್ಮ ಶಾಲೆಗೆ ಹತ್ತಿರದ ಹಕ್ಕಿಪಿಕ್ಕಿ ಕಾಲೊನಿಯ ಮಕ್ಕಳು ಬರುತ್ತಾರೆ. ಗಿಡಮೂಲಿಕೆ, ಕೂದಲಿನ ಎಣ್ಣೆ ಮಾರಲು ಅವರ ಹೆತ್ತವರು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ 31 ಮಂದಿ ಅಲ್ಲಿನ ದಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ನಗರದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಅವರಲ್ಲಿ ಒಬ್ಬರು. ಅವಳು ಆಗಷ್ಟೇ ನಾಲ್ಕನೇ ತರಗತಿ ಮುಗಿಸಿದ್ದಳು.

ಶಾಲೆಗೆ ಬೇಸಿಗೆ ರಜೆ, ನನಗೆ ವಿಧಾನಸಭಾ ಚುನಾವಣೆಯ ತರಬೇತಿ. ಏಪ್ರಿಲ್ 18ರಂದು ಸಿದ್ದರಾಮಯ್ಯನವರು ಇವರ ಬಗ್ಗೆ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಅವರು ಖಾರವಾಗಿ ಮರುನುಡಿದರು. ಅಲ್ಲಿಂದ ಮುಂದೆ ಹಕ್ಕಿಪಿಕ್ಕಿ ಎಂಬ ಹೆಸರು ದೆಹಲಿಯ ಚಾನೆಲ್‌ಗಳಲ್ಲೂ ಕೇಳಿಸಿತು. ಏಪ್ರಿಲ್ 24ಕ್ಕೆ 'ಆಪರೇಷನ್ ಕಾವೇರಿ' ಶುರುವಾಯಿತು. ಹುಡುಗಿಯ ತಂದೆ ದಿನಗಟ್ಟಲೆ ಬಸ್ಸಿನಲ್ಲಿ ಕುಳಿತು ಪೋರ್ಟ್ ಸುಡಾನ್ ಸೇರಿದರು, ಅಲ್ಲಿಂದ ಜೆಡ್ಡಾ ಮೂಲಕ ಊರಿಗೆ ಬಂದರು. ಒಟ್ಟು 3,862 ಜನರನ್ನು ಕರೆತಂದರು. ಆ ಋಣವನ್ನು ನಾವು ಯಾರೂ ಮರೆತಿಲ್ಲ.

ಮರುದಿನ ಕಾಲೊನಿಗೆ ಕ್ಯಾಮೆರಾ ಬಂತು. ಅಂದು ನಾನೂ ಅಲ್ಲಿದ್ದೆ. ಹುಡುಗಿಯ ತಂದೆ ಎಲ್ ಫಾಶರ್‌ನಲ್ಲಿ ತಾವು ಬಾಡಿಗೆಗಿದ್ದ ಮನೆಯ ಒಡತಿಯ ವಿಷಯವನ್ನೇ ಹೇಳಿದರು. ಗುಂಡಿನ ಸದ್ದಿನ ನಡುವೆ ಆ ಹೆಂಗಸು ತನ್ನ ಮನೆಯ ಜೋಳದ ಹಿಟ್ಟನ್ನೂ ಡ್ರಮ್ಮಿನಲ್ಲಿದ್ದ ನೀರನ್ನೂ ಇವರೊಂದಿಗೆ ಹಂಚಿಕೊಂಡಿದ್ದರು. ರಾತ್ರಿ ಟಿ.ವಿ.ಯಲ್ಲಿ ಬಂದದ್ದು ಇವರು ಕಣ್ಣೊರೆಸಿಕೊಂಡು ಕೈಮುಗಿದ ಕೆಲವು ಸೆಕೆಂಡುಗಳು ಮಾತ್ರ. ಒಡತಿಯ ಬಗ್ಗೆ ಒಂದು ಮಾತೂ ಬರಲಿಲ್ಲ.

2025ರ ಅಕ್ಟೋಬರ್ 26ರಂದು, ಐನೂರಕ್ಕೂ ಹೆಚ್ಚು ದಿನಗಳ ಮುತ್ತಿಗೆಯ ನಂತರ, ಎಲ್ ಫಾಶರ್ ಆರ್‌ಎಸ್‌ಎಫ್ ವಶವಾಯಿತು. ಶಾಲೆಗೆ ಬರುವ ಪತ್ರಿಕೆಯನ್ನು ಒಂದು ವಾರ ಹುಡುಕಿದೆ. ವಿದೇಶ ಪುಟದ ಮೂಲೆಯಲ್ಲಿ ಒಂದು ತುಣುಕು ಸಿಕ್ಕಿತು. ನವೆಂಬರ್‌ನಲ್ಲಿ ಒಡಿಶಾದ ಕಾರ್ಮಿಕರೊಬ್ಬರನ್ನು ಅಲ್ಲಿ ಸೆರೆಹಿಡಿದ ವಿಡಿಯೊ ಹೊರಬಂದಾಗ ಸುಡಾನ್ ಮತ್ತೆ ದೊಡ್ಡ ಅಕ್ಷರದಲ್ಲಿ ಕಾಣಿಸಿತು. ಅಷ್ಟರಲ್ಲಿ ಏಳನೇ ತರಗತಿಗೆ ಬಂದಿದ್ದ ಆ ಹುಡುಗಿ ಕೇಳಿದಳು: "ಮಿಸ್, ಅಪ್ಪನಿಗೆ ಊಟ ಹಾಕಿದ ಅಜ್ಜಿ ಏನಾದರು ಅಂತ ಪೇಪರಿನವರು ಯಾಕೆ ಹೇಳುವುದಿಲ್ಲ?"

ಯಾವ ಯುದ್ಧದ ಯಾವ ಸಂಗತಿ ಸುದ್ದಿ ಎಂದು ನಿರ್ಧರಿಸುವವರು ಯಾರು? ಯಾವ ಅಳತೆಯಲ್ಲಿ?

ಉತ್ತರ 1: ನಿವೃತ್ತ ಉಪಸಂಪಾದಕ, ಬೆಂಗಳೂರು

ಮೇಡಂ, 22 ವರ್ಷ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ಕೊನೆಯ ಎಂಟು ವರ್ಷ ವಿದೇಶ ಪುಟ ನನ್ನ ಕೈಯಲ್ಲಿತ್ತು. ಹಾಗಾಗಿ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನಾನೇ ಉತ್ತರ ಹೇಳಬೇಕಾದವನು.

ಸಂಜೆಯ ಸಭೆಯಲ್ಲಿ ಪುಟಗಳ ಹಂಚಿಕೆಯಾಗುತ್ತದೆ. ವಿದೇಶಕ್ಕೆ ಸಿಗುವುದು ಒಂದೇ ಪುಟ, ಜಾಹೀರಾತು ಹೆಚ್ಚಿದ ದಿನ ಅರ್ಧ. ನಮ್ಮ ವರದಿಗಾರರು ಯಾರೂ ಹೊರದೇಶದಲ್ಲಿರಲಿಲ್ಲ. ಪಿಟಿಐ, ರಾಯಿಟರ್ಸ್, ಎಪಿ, ಎಎಫ್‌ಪಿಯಂಥ ಸುದ್ದಿಸಂಸ್ಥೆಗಳು ಕಳುಹಿಸಿದ್ದರಲ್ಲಿ ಆರಿಸಿ ಕನ್ನಡಕ್ಕೆ ತರುವುದು ನಮ್ಮ ಕೆಲಸ. ನೂರಾರು ಸುದ್ದಿಗಳು ಬರುತ್ತವೆ, ಹತ್ತೋ ಹನ್ನೆರಡೋ ಅಚ್ಚಾಗುತ್ತವೆ. ಮೊದಲ ವಾಕ್ಯದಲ್ಲಿ 'ಭಾರತೀಯ' ಎಂಬ ಪದವಿದ್ದ ವರದಿ ತಾನಾಗಿ ಮೇಲೆ ಬರುತ್ತದೆ. ಅದನ್ನು ಯಾರೂ ಆದೇಶ ಹೊರಡಿಸಿ ಮಾಡಿಸಿದ್ದಲ್ಲ, ಕೈಗೆ ಕೂತ ರೂಢಿ. 1965ರಲ್ಲೇ ನಾರ್ವೆಯ ಇಬ್ಬರು ಸಂಶೋಧಕರು ಅಲ್ಲಿನ ನಾಲ್ಕು ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕಾಂಗೊ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳ ವರದಿಗಾರಿಕೆಯನ್ನು ಪರಿಶೀಲಿಸಿದ್ದರು. ಬಲಿಷ್ಠ ದೇಶ, ಓದುಗನಿಗೆ ಹತ್ತಿರದ ಸಂಸ್ಕೃತಿ, ಹೆಸರು ಹೇಳಬಹುದಾದ ವ್ಯಕ್ತಿ ಇದ್ದರೆ ಸುದ್ದಿಗೆ ಜಾಗ ಸುಲಭ ಎಂಬ ಅವರ ವಿವರಣೆಯನ್ನು ನಾನು ಪ್ರತಿ ರಾತ್ರಿ ಕಂಡಿದ್ದೇನೆ.

ಉಕ್ರೇನ್ ಅನ್ನೇ ನೋಡಿ. 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಮೃತಪಟ್ಟಾಗ ಮುಖಪುಟವೇ ಆ ಸುದ್ದಿಗೆ ಮೀಸಲಾಯಿತು. ಅದು ಸರಿಯೇ. ಆದರೆ ನಮ್ಮ ವಿದ್ಯಾರ್ಥಿಗಳು ಮರಳಿದ ಮೇಲೂ ಉಕ್ರೇನ್ ಪುಟದಲ್ಲಿ ಉಳಿಯಿತು. ಪೋಲೆಂಡ್ ಗಡಿಯಿಂದ ಒಳಹೋಗಲು ದಾರಿಯಿತ್ತು, ಸುದ್ದಿಸಂಸ್ಥೆಗಳ ಛಾಯಾಗ್ರಾಹಕರು ಅಲ್ಲಿದ್ದರು, ನಾಗರಿಕರ ಹತ್ಯೆ ನಡೆದ ಬುಚಾ ಪಟ್ಟಣದ ಬೀದಿಯ ಚಿತ್ರಗಳು ಗಂಟೆಗೊಂದರಂತೆ ಬರುತ್ತಿದ್ದವು. ಸುಡಾನ್‌ನಲ್ಲಿ ವೀಸಾ ಸಿಗುವುದೇ ಕಷ್ಟ. 2024ರ ಫೆಬ್ರುವರಿಯಲ್ಲಿ ದೇಶದ ಬಹುಭಾಗದಲ್ಲಿ ದೂರವಾಣಿ, ಅಂತರ್ಜಾಲ ಎರಡೂ ಕಡಿದುಹೋದವು. 2025ರ ಅಕ್ಟೋಬರ್‌ನಲ್ಲಿ ಎಲ್ ಫಾಶರ್‌ನ ಹತ್ಯೆಗಳಿಗೆ ಜಗತ್ತು ಸಾಕ್ಷಿ ಕಂಡದ್ದು ಉಪಗ್ರಹ ಚಿತ್ರಗಳಲ್ಲಿ, ನೆಲದ ಮೇಲೆ ಮೂಡಿದ ಕೆಂಪು ಕಲೆಗಳಲ್ಲಿ, ಮತ್ತು ಕೊಂದವರೇ ಮೊಬೈಲ್‌ನಲ್ಲಿ ಹಿಡಿದು ಹಂಚಿದ ದೃಶ್ಯಗಳಲ್ಲಿ. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೊರಗೆಡಹಿತು. ಒಳಗಿನಿಂದ ಮಾತನಾಡುವವರೇ ಇಲ್ಲದ ಊರನ್ನು ಟಿ.ವಿ. ಒಂದು ನಿಮಿಷವೂ ತೋರಿಸುವುದಿಲ್ಲ.

ನನ್ನ ತಪ್ಪೊಂದನ್ನು ಹೇಳಬೇಕು. 2024ರ ಆಗಸ್ಟ್ 1ರಂದು ಎಲ್ ಫಾಶರ್ ಪಕ್ಕದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆ ಎಂದು ತಜ್ಞರ ಸಮಿತಿ ಸಾರಿತು. ಕ್ಷಾಮ ಎಂಬ ಪದವನ್ನು ಆ ಸಮಿತಿ ಸುಮ್ಮನೆ ಬಳಸುವುದಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ವಯನಾಡಿನ ಭೂಕುಸಿತಕ್ಕೆ ಇನ್ನೂ ಮೂರು ದಿನವಾಗಿರಲಿಲ್ಲ, ಹಿಂದಿನ ದಿನ ಟೆಹ್ರಾನ್‌ನಲ್ಲಿ ಹಮಾಸ್ ನಾಯಕ ಇಸ್ಮಾಯಿಲ್ ಹನಿಯೆ ಹತ್ಯೆಯಾಗಿತ್ತು, ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿತ್ತು. ಝಮ್‌ಝಮ್ ಅನ್ನು ನಾಲ್ಕು ಸಾಲಿಗೆ ಇಳಿಸಿ ಸಂಕ್ಷಿಪ್ತ ಸುದ್ದಿಗಳ ಸಾಲಿಗೆ ಹಾಕಿದೆ. ಮರುದಿನ ಒಬ್ಬ ಓದುಗರೂ ಕೇಳಲಿಲ್ಲ. ನನಗೆ ನಿದ್ದೆಯೂ ಬಂತು. ಅದು ಇಂದಿಗೂ ಚುಚ್ಚುತ್ತದೆ.

ಆದರೆ ನಿಮ್ಮ ಬರಹ ಓದಿದ ಮೇಲೆ ಅದಕ್ಕಿಂತ ದೊಡ್ಡ ತಪ್ಪು ಕಾಣುತ್ತಿದೆ. ಎಲ್ ಫಾಶರ್‌ನ ಬೀದಿ ಬೀದಿ ತಿರುಗಿ, ಅಲ್ಲಿನವರ ಜೊತೆ ವ್ಯಾಪಾರ ಮಾಡಿ, ಅವರ ಮನೆಯಲ್ಲಿ ಉಂಡ ಕನ್ನಡಿಗರು ನಮ್ಮ ನಡುವೆಯೇ ಇದ್ದರು. ಕರ್ನಾಟಕದ ಯಾವ ಸುದ್ದಿಮನೆಯಲ್ಲೂ ಆ ಊರಿನ ಬಗ್ಗೆ ಅಷ್ಟು ತಿಳಿದವರು ಇರಲಿಲ್ಲ. ನಾವು ಅವರನ್ನು ರಕ್ಷಿಸಲ್ಪಟ್ಟವರು ಎಂದು ಮಾತ್ರ ಕಂಡೆವು, ಸಾಕ್ಷಿಗಳೆಂದು ಕಾಣಲಿಲ್ಲ. ಅವರ ಫೋನ್ ಸಂಖ್ಯೆಯನ್ನು ಒಬ್ಬರೂ ಬರೆದಿಟ್ಟುಕೊಳ್ಳಲಿಲ್ಲ. ನಿಮ್ಮ ತಾಲ್ಲೂಕಿನ ವರದಿಗಾರರಿಗೆ ಹೇಳಿ, ಆ ತಂದೆಯ ಮಾತುಗಳನ್ನು ಅವರ ಬಾಯಿಂದಲೇ ಕೇಳಿ ಬರೆಯಲಿ. ಜಿಲ್ಲಾ ಪುಟದಲ್ಲಿ ಬಂದರೂ ಸರಿ.

ಉತ್ತರ 2: ಮಾಜಿ ಸೈನಿಕ, ಮಡಿಕೇರಿ

ಸರ್, ನಮ್ಮವರ ಸುದ್ದಿ ಮೊದಲು ಬರುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಾರ್ಕಿವ್‌ನಲ್ಲಿ ಮಗನನ್ನು ಕಳೆದುಕೊಂಡ ಮನೆಯ ದುಃಖವನ್ನು ಕನ್ನಡ ಪತ್ರಿಕೆಯಲ್ಲದೆ ಇನ್ನಾರು ಬರೆಯಬೇಕು?

ನನ್ನ ಸಂಕಟ ಬೇರೆ. ನಮ್ಮವರಾದರೂ ಎಲ್ಲರಿಗೂ ಜಾಗ ಸಿಗುತ್ತದೆಯೇ? ನಾನು ಪೂಂಚ್‌ನಲ್ಲಿ ಎರಡು ಚಳಿಗಾಲ ಕಳೆದವನು. 2025ರ ಮೇ 7ರಂದು ಆಪರೇಷನ್ ಸಿಂಧೂರದ ನಂತರ ಪಾಕಿಸ್ತಾನ ಆ ಪಟ್ಟಣದ ಮೇಲೆ ಶೆಲ್ ಸುರಿಸಿತು. ಮಕ್ಕಳೂ ಸೇರಿ ಹತ್ತಕ್ಕೂ ಹೆಚ್ಚು ನಾಗರಿಕರು ಸತ್ತರು, ಗುರುದ್ವಾರಕ್ಕೂ ಪೆಟ್ಟು ಬಿತ್ತು. ಮರುರಾತ್ರಿ ಪೂಂಚ್‌ನ ಸುದ್ದಿಗಾಗಿ ಬೆಳಗಿನವರೆಗೆ ಟಿ.ವಿ. ಮುಂದೆ ಕುಳಿತೆ. ಕರಾಚಿ ಬಂದರು ನಾಶವಾಯಿತು ಎಂದು ಹೇಳುತ್ತಿದ್ದರು. ಅದು ಸುಳ್ಳು. ಶೆಲ್ಲಿಗೆ ಬಲಿಯಾದ ಪೂಂಚ್‌ನ ಮದರಸಾ ಶಿಕ್ಷಕರೊಬ್ಬರನ್ನು ಕೆಲವು ಚಾನೆಲ್‌ಗಳು ಭಯೋತ್ಪಾದಕ ಎಂದವು, ಪೊಲೀಸರೇ ಅದನ್ನು ಅಲ್ಲಗಳೆಯಬೇಕಾಯಿತು.

ಸೇನೆಯ ಚಲನವಲನವನ್ನು ನೇರಪ್ರಸಾರ ಮಾಡಬೇಡಿ ಎಂದು ಏಪ್ರಿಲ್ 26ರಂದು ಸರ್ಕಾರ ಸೂಚಿಸಿದ್ದು ಸರಿ. ಅದು ಹುಡುಗರ ಪ್ರಾಣದ ಪ್ರಶ್ನೆ. ಪೂಂಚ್‌ನಲ್ಲಿ ಯಾರು ಸತ್ತರು, ಯಾರ ಮನೆ ಬಿತ್ತು ಎಂದು ಹೇಳಬೇಡಿ ಎಂದು ಆ ಸೂಚನೆಯಲ್ಲಿ ಇರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಸರ್, ನಿಮ್ಮ ಉತ್ತರವನ್ನು ಭಾನುವಾರ ಕಾಲೊನಿಗೆ ಹೋಗಿ ಆ ತಂದೆಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಎಲ್ ಫಾಶರ್ ಬಿಡಿಸತೊಡಗಿದರು: ಮಾರುಕಟ್ಟೆ, ಮಸೀದಿ, ಎಣ್ಣೆಯ ಬಾಟಲಿಗಳನ್ನು ಇಟ್ಟುಕೊಂಡು ಕೂರುತ್ತಿದ್ದ ಬೇವಿನ ಮರ. ಹೆರಿಗೆ ಆಸ್ಪತ್ರೆಗೆ ಹೋಗುವ ದಾರಿಯನ್ನೂ ಬಿಡಿಸಿದರು. ಬಾಣಂತಿಯರನ್ನು ನೋಡಲು ಬರುವ ಹೆಂಗಸರು ಆ ದಾರಿಯಲ್ಲಿ ನಿಂತು ಎಣ್ಣೆ ಕೊಳ್ಳುತ್ತಿದ್ದರಂತೆ.

ಒಡತಿಯ ಪೂರ್ತಿ ಹೆಸರು ಅವರಿಗೂ ಗೊತ್ತಿಲ್ಲ. ಎಲ್ಲರೂ ಕರೆಯುವಂತೆ, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಜ್ಜಾ ಎಂಬ ಮಾತಿನಿಂದಲೇ ಇವರೂ ಕರೆಯುತ್ತಿದ್ದರು. ಪ್ರತಿ ಶುಕ್ರವಾರ ಒಡತಿಯ ಫೋನ್ ಸಂಖ್ಯೆಗೆ ಕರೆ ಮಾಡುತ್ತಾರೆ. 2024ರವರೆಗೆ ಒಮ್ಮೊಮ್ಮೆ ಗಂಟೆಯಾದರೂ ಬಾರಿಸುತ್ತಿತ್ತಂತೆ, ಈಗ ಅದೂ ಇಲ್ಲ.

ವರದಿಗಾರರು ಶನಿವಾರ ಶಾಲೆ ಬಿಟ್ಟ ಮೇಲೆ ಬರುತ್ತೇನೆ ಎಂದಿದ್ದಾರೆ. ನಕ್ಷೆಯ ಮೇಲೆ ಕನ್ನಡದಲ್ಲಿ ಹೆಸರು ಬರೆಯುವ ಕೆಲಸ ಹುಡುಗಿಯದು. 'ಹಾಜ್ಜಾ ಅಜ್ಜಿ ಮನೆ' ಎಂದು ಮೊದಲು ಬರೆದಿದ್ದಾಳೆ. ಉಳಿದ ಹೆಸರುಗಳನ್ನು ನಾಳೆ ಅಪ್ಪನನ್ನು ಕೇಳಿ ತುಂಬಿಸುತ್ತಾಳಂತೆ.